ಹಿಕರಿ ಕೋಲಿನ ಬೆನ್ನ ಮೇಲಿನ ಮುದ್ರೆ

ಕೇಳುಗರಿಗೆ ನಮಸ್ಕಾರ.

ನೂರು ವರ್ಷ ಹಳೆಯದಾದ ಗಾಲ್ಫ್ ಕೋಲು ಸಿಕ್ಕಿದ ಕೂಡಲೇ ಅದನ್ನು ತಿಕ್ಕಿ ತಿಕ್ಕಿ ಫಳಫಳ ಹೊಳೆಸುವ ಆಸೆ ಬರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಬ್ಬಿಣದ ತಲೆಯ ಬೆನ್ನ ಮೇಲೆ ಕಮ್ಮಾರ ಒತ್ತಿದ ಪುಟ್ಟ ಮುದ್ರೆ ಇರುತ್ತದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಟಾಮ್ ಸ್ಟುವರ್ಟ್‌ನದು ತಂಬಾಕಿನ ಪೈಪು, ಲೆವೆನ್ ಊರಿನ ನಿಕೋಲ್‌ನದು ಅಂಗೈ, ಕಿಂಗ್‌ಹಾರ್ನ್‌ನ ಗಿಬ್ಸನ್‌ನದು ನಕ್ಷತ್ರ. ಎಮರಿ ಕಾಗದ ಹಾಕಿ ಉಜ್ಜಿದರೆ ಮೊದಲು ಸವೆಯುವುದೇ ಈ ಮುದ್ರೆ. ಆಮೇಲೆ ಅದನ್ನು ಮಾಡಿದ ಕೈ ಯಾರದೆಂದು ಯಾರು ಹೇಳಬೇಕು?

ಇಂಥ ಕೋಲಿನ ದಂಡ, ಅಂದರೆ ತಲೆಗೆ ಸೇರುವ ಉದ್ದನೆಯ ಕಡ್ಡಿ, ಹಿಕರಿಯದು. ಹಿಕರಿ ಅಮೆರಿಕದ ಮರ. 19ನೇ ಶತಮಾನದ ಮೊದಲರ್ಧದಲ್ಲಿ ಅದು ಸ್ಕಾಟ್ಲೆಂಡಿಗೆ ಬರುವ ಮುನ್ನ ಅಲ್ಲಿನವರು ಆಶ್, ಹೇಜಲ್ ಮರಗಳ ದಂಡ ಬಳಸುತ್ತಿದ್ದರು. ಹಿಕರಿ ಸುಲಭಕ್ಕೆ ಮುರಿಯದು, ಬಾಗಿ ಮತ್ತೆ ನೆಟ್ಟಗಾಗುತ್ತದೆ. ಆದರೆ ಜೋರಾಗಿ ಬೀಸಿದರೆ ತಿರುಚಿಕೊಂಡು ಚೆಂಡಿನ ದಾರಿ ತಪ್ಪಿಸುತ್ತದೆ. ಹಾಗಾಗಿ ಆಗಿನ ಆಟಗಾರರು ಅವಸರವಿಲ್ಲದೆ, ಲಯ ಹಿಡಿದು ಬೀಸುತ್ತಿದ್ದರು. ಬ್ರಿಟನ್ನಿನಲ್ಲಿ ಉಕ್ಕಿನ ದಂಡಕ್ಕೆ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮರುವರ್ಷವೇ ಅಮೆರಿಕದ ಆಟಗಾರ ಬಾಬಿ ಜೋನ್ಸ್ ಹಿಕರಿ ಕೋಲುಗಳನ್ನೇ ಹಿಡಿದು ನಾಲ್ಕೂ ದೊಡ್ಡ ಪಂದ್ಯಗಳನ್ನು ಗೆದ್ದರು! ಮರದ ಶಕ್ತಿ ಎಂಥದ್ದೆನ್ನಲು ನನಗೆ ಬೇರೆ ಸಾಕ್ಷಿ ಬೇಡ.

ಕೊಳ್ಳುವಾಗ ಒಂದು ಎಚ್ಚರ. 1930ರ ದಶಕದಲ್ಲಿ ಉಕ್ಕಿನ ದಂಡಕ್ಕೆ ಮರದ ಬಣ್ಣದ ಹೊದಿಕೆ ಹಾಕಿ ಮಾರುತ್ತಿದ್ದರು. ನೋಡಿದರೆ ಹಿಕರಿಯೇ ಅನ್ನಿಸುತ್ತದೆ. ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಂಡಿರಿ, ದಂಡಕ್ಕೆ ಅಂಟಿದರೆ ಅದು ಮರವಲ್ಲ. ಇನ್ನೊಂದು ಮಾತು, ಹಳೆಯದೆಲ್ಲಾ ಬೆಲೆಬಾಳುವುದಿಲ್ಲ. 20ನೇ ಶತಮಾನದ ಮೊದಲ ಮೂರು ದಶಕಗಳ ಕಾರ್ಖಾನೆಯ ಮ್ಯಾಶಿ, ನಿಬ್ಲಿಕ್ ಎಂಬ ಕಬ್ಬಿಣದ ತಲೆಯ ಕೋಲುಗಳು ಬೇಕಾದಷ್ಟಿವೆ. ಅಪರೂಪದವು ಅದಕ್ಕೂ ಹಿಂದಿನ ಉದ್ದ ಮೂತಿಯ ಮರದ ತಲೆಯವು. 1856ರಲ್ಲಿ ತೀರಿಕೊಂಡ ಹ್ಯೂ ಫಿಲ್ಪ್ ಅಂಥವನ್ನು ಕೆತ್ತುವುದರಲ್ಲಿ ಹೆಸರಾದವರು.

ತುಕ್ಕು ಹಿಡಿದಿದ್ದರೆ ಅತಿ ನಯವಾದ ಉಕ್ಕಿನ ನಾರಿಗೆ ತೆಳು ಎಣ್ಣೆ ತಾಗಿಸಿ, ಮೇಲಿನ ಕೆಂಪು ಪುಡಿಯನ್ನಷ್ಟೇ ತೆಗೆಯಿರಿ. ಒಳಗಿನ ಕಂದು ಬಣ್ಣ ಹಾಗೇ ಇರಲಿ. ಒಣಗಿದ ದಂಡಕ್ಕೆ ಅಗಸೆ ಎಣ್ಣೆ ತೆಳುವಾಗಿ ಸವರಿ, ಬಟ್ಟೆಯಲ್ಲಿ ಒರೆಸಿಬಿಡಿ. ಮರ ಕುಗ್ಗಿದರೆ ತಲೆ ಅಲುಗಾಡುತ್ತದೆ, ಬಿಸಿಲಿಗೆ ಇಡಬೇಡಿ.

ಬೆಂಗಳೂರಿನ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅಂದರೆ ಅರ್ಧ ಶತಮಾನ ಅಲ್ಲಿ ಮರದ ದಂಡದ ಆಟವೇ ನಡೆದಿದೆ. ಹಳೆಯ ಮನೆಗಳ ಅಟ್ಟದಲ್ಲಿ ಅಂಥದ್ದೊಂದು ಕೋಲು ನಿಮ್ಮ ಕೈಗೆ ಬಂದರೆ, ಒರೆಸುವ ಮುಂಚೆ ಟಾರ್ಚನ್ನು ಓರೆಯಾಗಿ ಹಿಡಿದು ತಲೆಯ ಬೆನ್ನನ್ನು ನೋಡಿ, ಒಂದು ಫೋಟೋ ತೆಗೆದಿಡಿ. ನಮಸ್ಕಾರ.