ಹೊನ್ನಾವರದಲ್ಲೊಂದು ಸೂಫಿ ಅಡುಗೆಮನೆ

[ದೃಶ್ಯ: ಹೊನ್ನಾವರ, ಶರಾವತಿ ಸೇತುವೆ. ಬೆಳಗಿನ ಹೊತ್ತು, ಅಳಿವೆ ಕಡೆ ಹೊರಟ ದೋಣಿಗಳು.]

ನಮಸ್ಕಾರ. ಈ ಹೊಳೆಬಾಯಿಗೆ 1340ರ ದಶಕದಲ್ಲಿ ಮೊರಾಕ್ಕೋದ ಒಬ್ಬ ಪ್ರವಾಸಿ ಬಂದಿದ್ದ. ಹೆಸರು ಇಬ್ನ್ ಬತೂತ. ಆಗ ಇಲ್ಲಿ ಜಮಾಲುದ್ದೀನ್ ಅನ್ನೋ ಸುಲ್ತಾನ ಇದ್ದ. ಊರಲ್ಲಿ ಹುಡುಗರಿಗೆ 23 ಶಾಲೆ, ಹುಡುಗಿಯರಿಗೆ 13 ಶಾಲೆ ನೋಡಿದೆ ಅಂತ ಬತೂತ ಬರೆದಿಟ್ಟಿದ್ದಾನೆ. ಆ ಲೆಕ್ಕ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ಕುತೂಹಲ ಅವನು ಇಲ್ಲಿ ಉಂಡ ಊಟದ ಬಗ್ಗೆ.

ಶೇಖ್ ಮುಹಮ್ಮದ್ ನಾಗೋರಿ ಅನ್ನೋ ಸೂಫಿ ಸಂತರು ತಮ್ಮ ಆಶ್ರಮಕ್ಕೆ ಕರೆದು ಊಟ ಹಾಕಿದರಂತೆ. ಅಡುಗೆ ಅವರದೇ ಕೈಯಿಂದ. ಯಾಕೆ ಅಂದ್ರೆ, ಆಳುಕಾಳುಗಳು ಮುಟ್ಟಿದ್ದು ಅವರಿಗೆ ಆಗ್ತಿರಲಿಲ್ಲ. ನಮ್ಮ ಕಡೆಯ ಮಡಿ ನೆನಪಾಯ್ತಲ್ಲ? ನನಗೂ ಆಯ್ತು. ಸೂಫಿ ಅಂದ ಕೂಡಲೇ ಭೇದಭಾವ ಇಲ್ಲದ ಪ್ರೇಮಮೂರ್ತಿ ಅಂತ ಚಿತ್ರ ಬರೆದುಬಿಡ್ತೇವೆ. ಸ್ವಲ್ಪ ತಡೀರಿ. ಅವರೂ ಅವರ ಕಾಲದ ಮನುಷ್ಯರು.

[ದೃಶ್ಯ: ಕಂಬಳಿಯ ನೂಲು, ಹತ್ತಿರದಿಂದ.]

ಅರಬಿಯಲ್ಲಿ ಸೂಫ್ ಅಂದ್ರೆ ಉಣ್ಣೆ. ಹೆಸರು ಅಲ್ಲಿಂದ ಬಂತು ಅನ್ನೋದು ಹೆಚ್ಚಿನವರು ಒಪ್ಪೋ ಮಾತು. ಪ್ರವಾದಿಗಳ ನಂತರ ನೂರು ವರ್ಷದೊಳಗೆ ಅರಬರ ರಾಜ್ಯ ದೊಡ್ಡದಾಯ್ತು, ಅರಮನೆಗೆ ರೇಷ್ಮೆ ಬಂತು. ಆಗ ಕೆಲವರು ಚುಚ್ಚೋ ಉಣ್ಣೆ ಬಟ್ಟೆ ಹಾಕ್ಕೊಂಡು ಬೇರೆ ಕೂತರು. ಇರಾಕಿನ ಬಸ್ರಾ ಪೇಟೆ ಇಂಥವರಿಗೆ ಹೆಸರಾಗಿತ್ತು. 8ನೇ ಶತಮಾನದಲ್ಲಿ ಅಲ್ಲಿದ್ದ ರಾಬಿಯಾ ಅನ್ನೋ ಹೆಣ್ಣುಮಗಳ ಕತೆ ಇದೆ: ಒಂದು ಕೈಯಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು ಹಿಡ್ಕೊಂಡು ಬೀದಿಯಲ್ಲಿ ಓಡಿದಳಂತೆ. ಎಲ್ಲಿಗೆ ಅಂತ ಕೇಳಿದ್ದಕ್ಕೆ, ಸ್ವರ್ಗಕ್ಕೆ ಬೆಂಕಿ ಇಟ್ಟು ನರಕದ ಬೆಂಕಿ ಆರಿಸಿ ಬರ್ತೇನೆ ಅಂದಳಂತೆ. ಆಸೆಗೂ ಬೇಡ, ಹೆದರಿಕೆಗೂ ಬೇಡ, ದೇವರನ್ನು ದೇವರಿಗಾಗಿಯೇ ಪ್ರೀತಿಸಿ ಅಂತ.

ಕನ್ನಡದಲ್ಲಿ ಸೂಫಿ ಪಂಥ ಅಂತೇವೆ. ಆ ಪಂಥ ಅನ್ನೋ ಪದ ನನಗೆ ಅಷ್ಟು ಸರಿಬೀಳೋದಿಲ್ಲ, ಸುನ್ನಿ ಶಿಯಾ ಥರ ಇದೂ ಒಂದು ಗುಂಪು ಅನ್ನಿಸಿಬಿಡುತ್ತೆ. ಅರಬಿ ಹೆಸರು ತಸವ್ವುಫ್. ನಮಾಜು, ಉಪವಾಸ ಎಲ್ಲ ಮಾಡ್ತಲೇ ಒಳಗನ್ನು ತಿದ್ದಿಕೊಳ್ಳೋ ಸಾಧನೆ ಅದು. ಶರೀಅತ್, ಅಂದ್ರೆ ಎಲ್ಲರಿಗೂ ಇರೋ ಧರ್ಮದ ಕಟ್ಟಳೆ, ಹೆದ್ದಾರಿ; ತರೀಕತ್, ಅಂದ್ರೆ ಸೂಫಿಗಳ ಸಾಧನೆಯ ದಾರಿ, ಕಾಲುದಾರಿ ಅಂತ ಹೇಳ್ತಾರೆ. ಕುಮಟೆಯಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ರಸ್ತೆ ಬಿಟ್ಟು ಕಾಡಿಗೆ ಇಳಿದು ನೋಡಿ. ಗೊತ್ತಿದ್ದವರು ಜೊತೆಗಿಲ್ಲದಿದ್ರೆ ಸಂಜೆಯೊಳಗೆ ವಾಪಸ್ ಬರೋದು ಕಷ್ಟ. ಹಾಗಾಗಿ ಇಲ್ಲಿ ಗುರು ಬೇಕೇ ಬೇಕು. ಗುರುವಿಗೆ ಮುರ್ಶಿದ್, ಶಿಷ್ಯನಿಗೆ ಮುರೀದ್. ಗೆಲ್ಲಬೇಕಾದ್ದು ನಫ್ಸ್, ಅಂದ್ರೆ ನಾನು ನಾನು ಅಂತ ಕುಣಿಯೋ ಒಳಗಿನ ಅಹಂ. ಅದಕ್ಕೆ ಮುಖ್ಯ ಅಭ್ಯಾಸ ಝಿಕ್ರ್: ದೇವರ ಹೆಸರನ್ನು ಉಸಿರಿನ ಜೊತೆ ಮತ್ತೆ ಮತ್ತೆ ನೆನೆಯೋದು.

ಬಗ್ದಾದಿನಲ್ಲಿ ಹಲ್ಲಾಜ್ ಅನ್ನೋ ಸೂಫಿ ‘ಅನಲ್ ಹಕ್’, ನಾನೇ ಸತ್ಯ, ಅಂದರು. ಸತ್ಯ ಅನ್ನೋದು ದೇವರ ಹೆಸರೂ ಹೌದು. 922ರಲ್ಲಿ ಅವರನ್ನು ಕೊಂದರು. ಮಾತೊಂದೇ ಅಲ್ಲ, ರಾಜಕೀಯವೂ ಸೇರಿತ್ತು. ಅದಾಗಿ ಎರಡು ಶತಮಾನದ ಹೊತ್ತಿಗೆ ಗಝಾಲಿ ಅನ್ನೋ ದೊಡ್ಡ ವಿದ್ವಾಂಸರು 1095ರಲ್ಲಿ ಬಗ್ದಾದಿನ ಪಾಠದ ಹುದ್ದೆ ಬಿಟ್ಟು ಹೊರಟು, ಸೂಫಿ ಸಾಧನೆಗೂ ಶಾಸ್ತ್ರಕ್ಕೂ ಹೊಂದಾಣಿಕೆ ತಂದರು.

[ದೃಶ್ಯ: ನಕ್ಷೆ. ಅಜ್ಮೀರ್, ದೆಹಲಿ, ಕಲಬುರಗಿ.]

ಗುರುವಿನಿಂದ ಗುರುವಿಗೆ ಸಾಗೋ ಸರಪಳಿಗೆ ಸಿಲ್ಸಿಲಾ ಅಂತಾರೆ. ಖಾದ್ರಿ, ಚಿಶ್ತಿ, ರಿಫಾಯಿ, ನಕ್ಷ್‌ಬಂದಿ, ಹೀಗೆ. ಚಿಶ್ತಿಯವರು ಕವ್ವಾಲಿ ಹಾಡ್ತಾರೆ, ನಕ್ಷ್‌ಬಂದಿಯವರಿಗೆ ಮೌನದ ಝಿಕ್ರ್ ಇಷ್ಟ. ಅಜ್ಮೀರಿನ ಮುಯಿನುದ್ದೀನ್ ಚಿಶ್ತಿಯವರ ಸರಪಳಿ ದೆಹಲಿಯ ನಿಜಾಮುದ್ದೀನರ ಮೂಲಕ ಬಂದು, ಸುಮಾರು 1400ರಲ್ಲಿ ಖ್ವಾಜಾ ಬಂದೇ ನವಾಜ್ ಅನ್ನೋ ಸಂತರ ಜೊತೆ ಕಲಬುರಗಿ ಮುಟ್ಟಿತು. ಆಗ ಅವರಿಗೆ ಎಂಬತ್ತರ ಹತ್ತಿರ ಹತ್ತಿರ ವಯಸ್ಸು. (ಶಿಶುನಾಳದ ಶರೀಫಜ್ಜನ ಹೆಸರು ನಿಮ್ಮ ಬಾಯಲ್ಲಿ ಬಂದಿರುತ್ತೆ, ಹಾಗಾಗಿ ನಾನು ಬಿಟ್ಟೆ.)

ಅದು ನೆಲದ ದಾರಿ. ನಮ್ಮದು ಸಮುದ್ರದ ದಾರಿ. ಕರಾವಳಿ ಮುಸ್ಲಿಮರಲ್ಲಿ ಶಾಫಿ ಪದ್ಧತಿ (ಸುನ್ನಿ ಧರ್ಮಶಾಸ್ತ್ರದ ಒಂದು ಶಾಖೆ) ಹೆಚ್ಚು, ಅರಬ್ಬೀ ವ್ಯಾಪಾರದ ಗುರುತು ಅದು. ಭಟ್ಕಳದ ನವಾಯತರನ್ನೇ ನೋಡಿ. ಮುಂಬೈಯ ಮಾಹಿಮ್ ದರ್ಗಾ ಕೇಳಿದ್ದೀರಲ್ಲ, ಅಲ್ಲಿರೋ ಮಖ್ದೂಮ್ ಅಲಿ ಮಾಹಿಮಿ ನವಾಯತರೇ. 14-15ನೇ ಶತಮಾನದವರು, ಕುರಾನಿಗೆ ಅರಬಿಯಲ್ಲಿ ವ್ಯಾಖ್ಯಾನ ಬರೆದವರು. ರಾತ್ರಿ ತಾಯಿ ನೀರು ಕೇಳಿದರು, ತರೋದ್ರೊಳಗೆ ನಿದ್ದೆ ಹೋದರು, ಮಗ ಬೆಳಗಾಗೋ ತನಕ ನೀರು ಹಿಡ್ಕೊಂಡು ನಿಂತೇ ಇದ್ದ ಅಂತ ಅವರ ಕತೆ. ತಮಾಷೆ ಏನಂದ್ರೆ ಮಾರಾಯ್ರೆ, ಇದೇ ಕತೆ ಅವರಿಗಿಂತ ಐನೂರು ವರ್ಷ ಹಿಂದಿನ ಇರಾನಿನ ಬಾಯಜೀದ್ ಅನ್ನೋ ಸೂಫಿ ಬಗ್ಗೆಯೂ ಇದೆ. ಕತೆಗಳೂ ಹಡಗು ಹತ್ತಿ ಬರ್ತವೆ.

[ದೃಶ್ಯ: ಸದಾಶಿವಗಡ, ಕೆಳಗೆ ಕಾಳಿ ನದಿ.]

ಕಾರವಾರದ ಈ ಗುಡ್ಡದಲ್ಲಿ ದುರ್ಗಾದೇವಿ ಗುಡಿಯೂ ಇದೆ, ದರ್ಗಾವೂ ಇದೆ. ದರ್ಗಾ ಅಂದ್ರೆ ಸಂತರ ಸಮಾಧಿ. ಜನ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸ್ತಾರೆ, ಲೋಬಾನ ಹಾಕ್ತಾರೆ, ಚಾದರ ಹೊದಿಸ್ತಾರೆ. ಉರುಸು ಅನ್ನೋ ಪದದ ಮೂಲ ಅರ್ಥ ಮದುವೆ. ಸಂತರು ತೀರಿದ ದಿನ ಅವರು ದೇವರನ್ನು ಸೇರಿದ ದಿನ, ಅದಕ್ಕೆ ಮದುವೆಯ ಸಡಗರ. ಚಾಂದ್ರಮಾನದ ಲೆಕ್ಕವಾದ್ದರಿಂದ ಉರುಸು ವರ್ಷವರ್ಷಕ್ಕೂ ಸುಮಾರು ಹನ್ನೊಂದು ದಿನ ಮೊದಲೇ ಬರುತ್ತೆ. ಸಮಾಧಿಯ ಮುಂದೆ ಬೇಡಿಕೊಳ್ಳೋದು ಸರಿಯಲ್ಲ ಅನ್ನೋ ಮುಸ್ಲಿಮರೂ ಬಹಳ ಇದ್ದಾರೆ. ದೇವರನ್ನು ಬಿಟ್ಟು ಬೇರೆಯವರಲ್ಲಿ ಕೇಳಬಾರದು ಅನ್ನೋದು ಅವರ ವಾದ. ಅದು ಹಳೇ ಜಗಳ, ಇವತ್ತು ಬಗೆಹರಿಸೋಕೆ ನಾನು ಹೋಗೋದಿಲ್ಲ.

[ದೃಶ್ಯ: ಹಳೇ ಮನೆಯ ಹಿತ್ತಿಲು, ಬೀಸುವ ಕಲ್ಲು.]

ಕೊನೆಗೆ ಮತ್ತೆ ಅಡುಗೆಮನೆಗೆ ಬರೋಣ. ಕಾರವಾರ ಒಂದು ಕಾಲಕ್ಕೆ ಬಿಜಾಪುರದ ಆದಿಲಶಾಹಿಗಳ ಕೈಲಿತ್ತು. ಆ ಬಿಜಾಪುರದ ಸೂಫಿಗಳ ಸಂಪ್ರದಾಯದಲ್ಲಿ ಹೆಂಗಸರು ಹಿಟ್ಟು ಬೀಸುವಾಗ ಹೇಳೋ ದಖ್ಖನಿ ಉರ್ದು ಹಾಡುಗಳಿದ್ದವು, ಚಕ್ಕಿನಾಮಾ ಅಂತ. ಅರಬಿ ಓದು ಬೇಡ, ಗುರುವಿನ ಮನೆವರೆಗೆ ನಡೆಯೋದೂ ಬೇಡ. ಕಲ್ಲು ತಿರುಗಿದ ಹಾಗೆ ಝಿಕ್ರ್ ತಿರುಗುತ್ತೆ. ಕಲ್ಲಿನ ಗೂಟ ನೋಡಿ, ನೆಟ್ಟಗೆ ನಿಂತಿದೆ. ಅರಬಿಯ ಮೊದಲ ಅಕ್ಷರ ಅಲಿಫ್ ಬರೆಯೋದೂ ಹೀಗೇ, ಒಂದು ನೆಟ್ಟಗಿನ ಗೀಟು. ಅಲ್ಲಾ ಅನ್ನೋ ಹೆಸರು ಶುರುವಾಗೋದು ಅದರಿಂದ. ಹಾಡಲ್ಲಿ ಆ ಗೂಟವನ್ನೇ ಅಲಿಫ್ ಅಂತ ಕರೆದಿದ್ದಾರೆ.

ನಿಮ್ಮ ಮನೆಯ ಅಜ್ಜಿ, ಯಾವ ಜಾತಿಯವರೇ ಇರಲಿ, ಬೀಸುವಾಗ ಹೇಳ್ತಿದ್ದ ಹಾಡು ಇದ್ರೆ ಮೊಬೈಲಲ್ಲಿ ಹಿಡಿದು ನಮಗೆ ಕಳಿಸಿ.

[ಶಬ್ದ: ಬೀಸುವ ಕಲ್ಲು ತಿರುಗೋ ಸದ್ದು.]