ಮಂಗಳವಾರದ ಮ್ಯಾಟಿನಿಗೆ ಯಾರು ಬರ್ತಾರೆ? ಮುಚ್ಚಿದ ಟಾಕೀಸನ್ನ ಮತ್ತೆ ತೆರೆಯೋ ಲೆಕ್ಕ

[ದೃಶ್ಯ: ಮುಚ್ಚಿದ ಥಿಯೇಟರಿನ ಟಿಕೆಟ್ ಕೌಂಟರ್. ಕಬ್ಬಿಣದ ಸರಳುಗಳ ನಡುವೆ ಕಿರಿದಾದ ಕ್ಯೂ ದಾರಿ. ಗೋಡೆಯಲ್ಲಿ ಒಂದು ಕಿಂಡಿ.]

ಈ ಕಿಂಡಿ ನೋಡಿ. ಅಂಗೈಯಷ್ಟೇ ಅಗಲ. ಇದರೊಳಗೆ ದುಡ್ಡು ಹಿಡಿದ ಕೈ ತೂರಿಸಬೇಕಿತ್ತು. ನಿಮ್ಮ ಕೈ ಒಂದೇ ಅಲ್ಲ, ನಿಮ್ಮ ಹಿಂದಿನವನ ಕೈ, ಅವನ ಹಿಂದಿನವನ ಕೈ, ಎಲ್ಲಾ ಒಟ್ಟಿಗೇ. ಯಾವ ಕೈಯಿಂದ ದುಡ್ಡು ತಗೊಂಡ್ರು, ಯಾವ ಕೈಗೆ ಟಿಕೆಟ್ ಇಟ್ರು ಅನ್ನೋದು ಒಳಗೆ ಕೂತವರಿಗೇ ಗೊತ್ತು. ಮಣಿಕಟ್ಟು ತರಚಿಕೊಂಡು ಕೈ ಈಚೆ ಬಂದಾಗ ಬೆರಳ ಸಂದಿಯಲ್ಲಿ ಒಂದು ಬಣ್ಣದ ಚೀಟಿ ಇದ್ರೆ ಆವತ್ತಿಗೆ ನೀವೇ ರಾಜ. ಪರದೆ ಮುಂದಿನ ಅಗ್ಗದ ಸೀಟಿನ, ಗಾಂಧಿ ಕ್ಲಾಸಿನ ರಾಜ.

ಈಗ ಕಿಂಡಿ ತುಂಬಾ ಜೇಡರ ಬಲೆ. ಗೇಟಿಗೆ ಸರಪಳಿ. ಬಾಲ್ಕನಿಗೆ ಹತ್ತೋ ಮೆಟ್ಟಿಲ ಪಕ್ಕ, ಗೋಡೆ ಸೀಳಿಕೊಂಡು ಅರಳಿ ಗಿಡ ಎದ್ದಿದೆ. ಇದು ಯಾವ ಥಿಯೇಟ್ರು ಅಂತ ಕೇಳಬೇಡಿ. ಹೆಸರು ಹೇಳಲ್ಲ ಅಂತ ಮಾತು ಕೊಟ್ಟ ಮೇಲೇ ನಮ್ಮನ್ನ ಒಳಗೆ ಬಿಟ್ಟಿದ್ದು.

ಇವತ್ತಿನ ಪ್ರಶ್ನೆ ಸರಳ. ಇಂಥ ಟಾಕೀಸನ್ನ ಮತ್ತೆ ತೆರೆಸೋಕಾಗುತ್ತಾ?

[ಶೀರ್ಷಿಕೆ. ಹಿನ್ನೆಲೆಯಲ್ಲಿ ಶೋ ಶುರುವಾಗೋ ಬೆಲ್ಲು.]

ನಮ್ಮ ಬೆಂಗಳೂರಿನ ಲೆಕ್ಕ ಸ್ವಲ್ಪ ನೋಡೋಣ. ಶಿವಾಜಿನಗರದ ಎಲ್ಗಿನ್ ಶುರುವಾಗಿದ್ದು 1896ರಲ್ಲಿ, ಮೊದಲು ನಾಟಕದ ಹಾಲ್ ಆಗಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿದ್ದು ಸಿಟಿ ಮಾರ್ಕೆಟ್ ಹತ್ತಿರದ ದೊಡ್ಡಣ್ಣ ಹಾಲ್‌ನಲ್ಲಿ. ಅದೇ ಮುಂದೆ ಪ್ಯಾರಾಮೌಂಟ್ ಆಯ್ತು. ಇಡೀ ಮೆಜೆಸ್ಟಿಕ್‌ಗೆ ಆ ಹೆಸರು ಬಂದದ್ದೇ ಒಂದು ಥಿಯೇಟರಿಂದ. ಇವತ್ತು ಬಸ್ಸಲ್ಲಿ ‘ಮೆಜೆಸ್ಟಿಕ್ ಒಂದು ಕೊಡಿ’ ಅಂತ ಟಿಕೆಟ್ ತಗೊಳ್ಳೋ ನಾವೆಲ್ಲ ಗೊತ್ತಿಲ್ಲದೇ ಒಂದು ಟಾಕೀಸಿನ ಹೆಸರು ಹೇಳ್ತಾ ಇದ್ದೀವಿ.

ಹೋದವು ಎಷ್ಟೋ. ಎಂ.ಜಿ. ರಸ್ತೆಯಲ್ಲಿ 1936ರ ಪ್ಲಾಜಾ ಇದ್ದ ಕಡೆ ಈಗ ಮೆಟ್ರೋ. ಬ್ರಿಗೇಡ್ ರಸ್ತೆಯ ರೆಕ್ಸ್ ಬಾಗಿಲು ಹಾಕಿದ್ದು 2018ರ ಕೊನೇ ದಿನ. ಸ್ಯಾಂಕಿ ರಸ್ತೆಯ ಕಾವೇರಿ 1974ರಲ್ಲಿ ಶುರುವಾಗಿ, ಸರಿಯಾಗಿ ಐವತ್ತು ವರ್ಷ ಓಡಿ 2024ರಲ್ಲಿ ನಿಂತಿತು. ಪ್ರತಿ ಸಲ ಮುಚ್ಚಿದಾಗಲೂ ನಾವು ಹಳೇ ಫೋಟೋ ಹಾಕಿ ಕಣ್ಣೀರಿಟ್ವಿ. ಅದು ತೆರೆದಿದ್ದ ಕೊನೇ ಎರಡು ವರ್ಷದಲ್ಲಿ ಎಷ್ಟು ಸಲ ಹೋಗಿದ್ವಿ? ನಾನು ಕಾವೇರಿಗೆ ಹೋಗಿದ್ದು ಒಂದು ಸಲ. ಪಾರ್ಕಿಂಗ್ ಸಿಗಲಿಲ್ಲ ಅಂತ ಗೊಣಗಿಕೊಂಡು ಬಂದೆ.

[ದೃಶ್ಯ: ಬ್ರಿಗೇಡ್ ರಸ್ತೆ ಮೂಲೆಯ ಆಪೆರಾ ಹೌಸ್, ಹೊರಗಿಂದ.]

ಈಗ ಉಳಿದದ್ದರ ಕಥೆಗೆ ಬರೋಣ. ‘ಉಳಿಸೋದು’ ಅಂದ್ರೆ ಏನು ಅನ್ನೋದರಲ್ಲೇ ನಮ್ಮಲ್ಲಿ ಗೊಂದಲ ಇದೆ.

ಇದು ಬ್ರಿಟಿಷರ ಕಾಲದ ಆಪೆರಾ ಹೌಸ್. ನಾಟಕ, ಸಂಗೀತ, ಆಮೇಲೆ ಸಿನಿಮಾ, ಆಮೇಲೆ ಪಾಳು. ವರ್ಷಗಟ್ಟಲೆ ಹಾಗೇ ಬಿದ್ದಿತ್ತು. 2018ರಲ್ಲಿ ಸ್ಯಾಮ್‌ಸಂಗ್ ಕಂಪನಿ ಇದನ್ನ ದುರಸ್ತಿ ಮಾಡಿಸಿ ತನ್ನ ಅನುಭವ ಕೇಂದ್ರ ಮಾಡಿಕೊಂಡಿತು. ಕಟ್ಟಡ ಚೆನ್ನಾಗಿ ನಿಂತಿದೆ, ಸುಳ್ಳು ಹೇಳಬಾರದು. ಆದ್ರೆ ಒಳಗೆ ಹೋದ್ರೆ ಸಿಗೋದು ಫೋನು.

ಇನ್ನು ಗಾಂಧಿನಗರದ ಕಪಾಲಿ. 1968ರಲ್ಲಿ ತೆರೆದಾಗ ಅಲ್ಲಿ 1,400ಕ್ಕೂ ಹೆಚ್ಚು ಸೀಟು, ಸಿನೆರಾಮದ ಬಾಗಿದ ದೊಡ್ಡ ಪರದೆ. 2017ರಲ್ಲಿ ಮುಚ್ಚಿತು, ನೆಲಸಮ ಆಯ್ತು, ಅದೇ ಜಾಗದಲ್ಲಿ ಮಲ್ಟಿಪ್ಲೆಕ್ಸ್ ಬಂತು. ಕಪಾಲಿ ಅನ್ನೋ ಹೆಸರು ಉಳೀತು, ಸಿನಿಮಾನೂ ಉಳೀತು. ಹೋದದ್ದು ಆ ಹಾಲು. ಸಾವಿರದ ನಾನೂರು ಜನ ಒಟ್ಟಿಗೆ ಸೀಟಿ ಹೊಡೆಯೋ ಹಾಲು.

ಎಂ.ಜಿ. ರಸ್ತೆಯ ಸಿಂಫನಿ ಗೊತ್ತಲ್ಲ? ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್‌ನಲ್ಲಿದ್ದದ್ದು. ಅದು ಶಂಕರ್‌ನಾಗ್ ಚಿತ್ರಮಂದಿರ ಆಯ್ತು. 2019ರಲ್ಲಿ ಅಲ್ಲಿಗೆ ಎಲ್‌ಇಡಿ ಪರದೆನೂ ಬಂತು. ಅಂದ್ರೆ ಪ್ರೊಜೆಕ್ಟರೇ ಇಲ್ಲ, ಪರದೆಯೇ ಬೆಳಗುತ್ತೆ. ಸುತ್ತಮುತ್ತ ಪ್ಲಾಜಾ, ರೆಕ್ಸ್, ಗ್ಯಾಲಕ್ಸಿ ಎಲ್ಲಾ ಹೋದರೂ ಇದೊಂದು ಯಾಕೆ ಉಳೀತು? ನನಗನ್ನಿಸೋ ದೊಡ್ಡ ಕಾರಣ: ಆ ಕಟ್ಟಡ ಪಾಲಿಕೆದು. ಕೆಡವಿ ಮಾಲ್ ಕಟ್ಟಿದ್ರೆ ಎಷ್ಟು ಬರುತ್ತೆ ಅಂತ ದಿನಾ ರಾತ್ರಿ ಲೆಕ್ಕ ಹಾಕೋ ಮಾಲೀಕ ಅಲ್ಲಿಲ್ಲ.

ಆ ಲೆಕ್ಕವನ್ನ ನಾವೂ ಒಂದ್ಸಲ ಹಾಕೋಣ.

[ಗ್ರಾಫಿಕ್ಸ್: ಖಾಲಿ ಸೀಟುಗಳ ನಕ್ಷೆ, ಒಂದೊಂದೇ ತುಂಬುತ್ತಾ ಹೋಗುತ್ತದೆ.]

ಒಂದು ಕಾಲ್ಪನಿಕ ಥಿಯೇಟ್ರು. ಸಾವಿರ ಸೀಟು. ಮಾರ್ನಿಂಗ್ ಶೋ, ಮ್ಯಾಟಿನಿ, ಫಸ್ಟ್ ಶೋ, ಸೆಕೆಂಡ್ ಶೋ, ದಿನಕ್ಕೆ ನಾಲ್ಕು. ವಾರಕ್ಕೆ 28 ಶೋ, 28,000 ಸೀಟು. ಶನಿವಾರ, ಭಾನುವಾರದ ಎಂಟೂ ಶೋ ಹೌಸ್‌ಫುಲ್ ಅನ್ನಿ. ಎಂಟು ಸಾವಿರ. ಉಳಿದ ಇಪ್ಪತ್ತು ಸಾವಿರ ಸೀಟಿನ ಕಥೆ ಏನು? ಮಂಗಳವಾರ ಮಧ್ಯಾಹ್ನ ಮ್ಯಾಟಿನಿಗೆ ನಲವತ್ತು ಜನ ಬಂದ್ರು ಅಂತಿಟ್ಕೊಳ್ಳಿ. ನೂರು ರೂಪಾಯಿ ಟಿಕೆಟ್ ಆದ್ರೆ ನಾಲ್ಕು ಸಾವಿರ. ಪ್ರೊಜೆಕ್ಟರಿನ ದೀಪ ನಲವತ್ತು ಜನಕ್ಕೂ ಅಷ್ಟೇ ಕರೆಂಟ್ ತಿನ್ನುತ್ತೆ, ಸಾವಿರ ಜನಕ್ಕೂ ಅಷ್ಟೇ. ಗೇಟ್ ಕಾಯೋರು, ಟಾರ್ಚ್ ಹಿಡಿಯೋರು, ಕಕ್ಕಸು ತೊಳೆಯೋರು, ಎಲ್ಲರಿಗೂ ಸಂಬಳ ಅಷ್ಟೇ.

ಇದಕ್ಕೆ ನಾನಿಟ್ಟ ಹೆಸರು ಮಂಗಳವಾರದ ಮ್ಯಾಟಿನಿ ಪ್ರಶ್ನೆ. ಟಾಕೀಸ್ ಉಳಿಸ್ತೀವಿ ಅಂತ ಯಾರೇ ಬಂದ್ರೂ ನಾನು ಮೊದಲು ಕೇಳೋದು ಇದನ್ನೇ.

ಹಾಗಾದ್ರೆ ಮೊದಲೆಲ್ಲ ಹೇಗೆ ನಡೀತಿತ್ತು? ಇಲ್ಲೊಂದು ವಿಷಯ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ಸಿಂಗಲ್ ಸ್ಕ್ರೀನ್‌ಗಳು ನಡೆದದ್ದು ವಾರದ ಬಾಡಿಗೆ ಮೇಲೆ. ನಿರ್ಮಾಪಕರೋ ವಿತರಕರೋ ಥಿಯೇಟರಿಗೆ ವಾರಕ್ಕಿಷ್ಟು ಅಂತ ಕಟ್ಟಬೇಕು. ಜನ ಬರಲಿ ಬಿಡಲಿ, ಬಾಡಿಗೆ ಬಾಡಿಗೆಯೇ. ಕೆ.ಜಿ. ರಸ್ತೆಯಲ್ಲಿ ಒಂದು ‘ಮೇನ್ ಥಿಯೇಟರ್’ ಹಿಡೀಲೇಬೇಕು, ಮುಂದೆ ಕಟೌಟ್ ನಿಲ್ಲಿಸಲೇಬೇಕು, ಇಲ್ಲಾಂದ್ರೆ ಅದು ಬಿಡುಗಡೆಯೇ ಅಲ್ಲ ಅನ್ನೋ ಕಾಲ ಅದು. ಹಾಗಾಗಿ ಖಾಲಿ ಮ್ಯಾಟಿನಿಯ ನಷ್ಟ ಮಾಲೀಕರ ತಲೆ ಮೇಲೆ ಬೀಳ್ತಿರಲಿಲ್ಲ, ನಿರ್ಮಾಪಕರ ತಲೆ ಮೇಲೆ ಬೀಳ್ತಿತ್ತು. ಮಲ್ಟಿಪ್ಲೆಕ್ಸ್ ಬಂದು, ಬಂದ ಕಲೆಕ್ಷನ್‌ನಲ್ಲಿ ಶೇಕಡಾವಾರು ಹಂಚಿಕೊಳ್ಳೋಣ ಅಂದಾಗ ನಿರ್ಮಾಪಕರಿಗೆ ಬೇರೆ ದಾರಿ ಕಾಣಿಸ್ತು. ಬಾಡಿಗೆ ಕೊಡೋರು ಕಮ್ಮಿಯಾದ್ರು. ಸಾವಿರ ಸೀಟಿನ ಪೂರ್ತಿ ಭಾರ ಮಾಲೀಕರ ಮೇಲೆ ಬಂದದ್ದು ಆಗಲೇ.

ಅದರ ಮೇಲೆ ಭೂಮಿ ಬೆಲೆ. ಊರ ನಡುವೆ ಅಷ್ಟು ದೊಡ್ಡ ಜಾಗ, ಅದರ ಮೇಲೆ ಒಂದೇ ಒಂದು ಹಾಲು. ಅಪ್ಪನ ಕಾಲದಲ್ಲಿ ಒಬ್ಬರ ಹೆಸರಲ್ಲಿದ್ದ ಆಸ್ತಿಗೆ ಈಗ ಏಳೆಂಟು ಜನ ಪಾಲುದಾರರು. ಅವರಲ್ಲಿ ಒಬ್ಬರಿಗೆ ಸಿನಿಮಾ ಹುಚ್ಚು ಇರಬಹುದು. ಉಳಿದವರಿಗೆ ಪಾಲು ಬೇಕು, ಅದು ತಪ್ಪೂ ಅಲ್ಲ.

[ದೃಶ್ಯ: ಅದೇ ಮುಚ್ಚಿದ ಥಿಯೇಟರಿನ ಪ್ರೊಜೆಕ್ಷನ್ ರೂಮ್. ಧೂಳು ಹಿಡಿದ ಎರಡು ಪ್ರೊಜೆಕ್ಟರ್. ಗೋಡೆಯಲ್ಲಿ ಎರಡು ಸಣ್ಣ ಗಾಜಿನ ಕಿಟಕಿ.]

ಮೇಲೆ ಬನ್ನಿ. ಈ ಕೋಣೆ ತೋರಿಸಲೇಬೇಕು.

ಯಾಕೆ ಎರಡು ಪ್ರೊಜೆಕ್ಟರ್? 35 ಎಂಎಂ ಫಿಲಂ ಸೆಕೆಂಡಿಗೆ 24 ಚಿತ್ರದಂತೆ ಓಡುತ್ತೆ. ಅಂದ್ರೆ ನಿಮಿಷಕ್ಕೆ 90 ಅಡಿ. ಎರಡು ಸಾವಿರ ಅಡಿಯ ಒಂದು ಸುರುಳಿ 22 ನಿಮಿಷಕ್ಕೆ ಖಾಲಿ. ಎರಡೂವರೆ ಗಂಟೆ ಪಿಕ್ಚರಿಗೆ ಇಂಥವು ಏಳು. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಮಷಿನ್‌ನಲ್ಲಿ ಮುಂದಿನದು ಸಿದ್ಧ ಇರಬೇಕು. ಪರದೆಯ ಬಲ ಮೂಲೆಯ ಮೇಲ್ಗಡೆ ಒಂದು ಸಣ್ಣ ಚುಕ್ಕಿ ಮಿಂಚಿ ಮಾಯ ಆಗ್ತಿತ್ತು, ನೆನಪಿದೆಯಾ? ಪ್ರಿಂಟ್ ಹಾಳಾಗಿದೆ ಅಂದುಕೊಂಡಿದ್ವಿ. ಅಲ್ಲ, ಅದು ಆಪರೇಟರಿಗೆ ಸನ್ನೆ. ಮೊದಲ ಚುಕ್ಕಿಗೆ ಎರಡನೇ ಮಷಿನ್ನಿನ ಮೋಟಾರ್ ಚಾಲೂ. ಏಳೆಂಟು ಸೆಕೆಂಡ್ ಬಿಟ್ಟು ಬರೋ ಎರಡನೇ ಚುಕ್ಕಿಗೆ ಇದರ ಬೆಳಕು ಮುಚ್ಚಿ ಅದರ ಬೆಳಕು ತೆರೀಬೇಕು. ತಪ್ಪಿದ್ರೆ ಪರದೆ ಬೆಳ್ಳಗೆ, ಕೆಳಗಿಂದ ಬೈಗುಳ, ಕೆಲವು ಸಲ ಚಪ್ಪಲಿ.

[ಕ್ಯಾಮೆರಾ ಪ್ರೊಜೆಕ್ಟರಿನ ದೀಪದ ಪೆಟ್ಟಿಗೆಯೊಳಗೆ.]

ಈ ಕಪ್ಪು ಮಸಿ ಕಾರ್ಬನ್ ಕಡ್ಡಿಯದು. ಎರಡು ಕಡ್ಡಿಗಳ ತುದಿ ಹತ್ತಿರ ತಂದು ಕರೆಂಟ್ ಹಾಯಿಸಿದ್ರೆ ನಡುವೆ ಬೆಂಕಿ ಬೆಳಕು. ಕಡ್ಡಿ ಉರಿದು ಸವೆದಂತೆ ಅಂತರ ಸರಿಮಾಡ್ತಾ ಇರಬೇಕು, ಇಲ್ಲಾಂದ್ರೆ ಪರದೆ ಮಂಕು. ನಮ್ಮನ್ನ ಒಳಗೆ ಕರ್ಕೊಂಡು ಬಂದವರು ಇಲ್ಲೇ ಆಪರೇಟರ್ ಆಗಿದ್ದವರು. ಅವರು ಯಾವ ಪಿಕ್ಚರನ್ನೂ ಪೂರ್ತಿ ನೋಡೇ ಇಲ್ಲವಂತೆ. ನೋಡಿದ್ದು ಬರೀ ಮೂಲೆ. ಇಷ್ಟು ಹೇಳಿ ಪಂಚೆಯ ತುದಿಯಿಂದ ಲೆನ್ಸ್ ಒರೆಸಿದ್ರು. ಅದರಲ್ಲಿ ಇನ್ನೆಂದೂ ಬೆಳಕು ಹಾಯಲ್ಲ ಅಂತ ಅವರಿಗೂ ಗೊತ್ತು.

ಯಾಕಂದ್ರೆ ಈಗ ಹೊಸ ಸಿನಿಮಾಗೆ ಪ್ರಿಂಟೇ ಬರಲ್ಲ. ಬರೋದು ಡಿಜಿಟಲ್ ಫೈಲು, ಅದಕ್ಕೊಂದು ಬೀಗ. ಆ ಬೀಗದ ಕೀ ಕೂಡ ಫೈಲೇ. ಇಂಥ ಥಿಯೇಟರಿನ ಇಂಥ ಮಷಿನ್‌ನಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ತೆರೆಯುತ್ತೆ. ಹಾಗಾಗಿ ಗೋಡೆಗೆ ಸುಣ್ಣ ಹೊಡೆಸಿ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದ್ರೆ ಆಗಲ್ಲ. ಪ್ರೊಜೆಕ್ಟರ್, ಸರ್ವರ್, ಸೌಂಡು, ಪರದೆ ಎಲ್ಲಾ ಹೊಸದು ಬೇಕು. ಜನರ ಮೂಗಿಗೆ ಮೊದಲು ಬಡಿಯೋದು ಮಾತ್ರ ಕಕ್ಕಸು. ಅದನ್ನ ಸರಿಮಾಡದೇ ಡಾಲ್ಬಿ ಹಾಕಿಸೋರನ್ನ ನೋಡಿದ್ರೆ ನನಗೆ ನಗು.

ಮುಚ್ಚಿದ ಥಿಯೇಟರಿಗೆ ಲೈಸೆನ್ಸೂ ಹೊಸದಾಗಿ ಬೇಕಾಗುತ್ತೆ. ಕರ್ನಾಟಕ ಸಿನಿಮಾಗಳ ನಿಯಂತ್ರಣ ಕಾಯ್ದೆ 1964ರದು. ಬೆಂಗಳೂರಲ್ಲಿ ಲೈಸೆನ್ಸ್ ಕೊಡೋರು ಪೊಲೀಸ್ ಕಮಿಷನರ್. ಅದಕ್ಕೆ ಮೊದಲು ಕಟ್ಟಡದ ಗಟ್ಟಿತನ, ವಿದ್ಯುತ್, ಅಗ್ನಿಶಾಮಕ, ಎಲ್ಲರ ಒಪ್ಪಿಗೆ. ಇದನ್ನ ಬರೀ ಕಿರಿಕಿರಿ ಅನ್ನೋಕಾಗಲ್ಲ. 1997ರಲ್ಲಿ ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ, ಹೊಗೆಗೆ 59 ಜನ ಸತ್ರು. ಬಾಲ್ಕನಿಯಲ್ಲಿದ್ದವರಿಗೆ ಹೊರಬರೋ ದಾರಿ ಸಿಗಲಿಲ್ಲ. ಹಳೇ ಹಾಲನ್ನ ತೆರೀತೀವಿ ಅನ್ನೋರು ಮೊದಲು ಅಳೀಬೇಕಾದ್ದು ಬಾಗಿಲುಗಳನ್ನ.

[ದೃಶ್ಯ: ಲಾಲ್‌ಬಾಗ್ ರಸ್ತೆ. ಊರ್ವಶಿ ಮುಂದೆ ಜನ.]

ಹಾಗಂತ ಎಲ್ಲಾ ಮುಗಿದಿಲ್ಲ. ಊರ್ವಶಿ ನೋಡಿ. ಒಂದೇ ಪರದೆ, ದೊಡ್ಡ ಹಾಲು. 4ಕೆ ಪ್ರೊಜೆಕ್ಷನ್, ಡಾಲ್ಬಿ ಅಟ್ಮಾಸ್ ಹಾಕಿಸಿಕೊಂಡು ಮಾಲ್‌ಗಳ ಎದುರು ನಿಂತಿದೆ. ದೊಡ್ಡ ಪಿಕ್ಚರನ್ನ ಅಲ್ಲೇ ನೋಡಬೇಕು ಅಂತ ಊರಾಚೆಯಿಂದ ಬರೋರಿದ್ದಾರೆ. ಆದ್ರೆ ಇದು ಮುಚ್ಚೋ ಮೊದಲೇ ಖರ್ಚು ಮಾಡಿದವರ ಕಥೆ. ಹತ್ತು ವರ್ಷ ಮುಚ್ಚಿದ ಮೇಲೆ ಹಾಕೋ ರೂಪಾಯಿ ಬೇರೆ.

ಸರ್ಕಾರ ಏನೂ ಮಾಡಿಲ್ಲ ಅಂತಲೂ ಇಲ್ಲ. 2025ರ ಸೆಪ್ಟೆಂಬರಿಂದ ನೂರು ರೂಪಾಯಿ ಒಳಗಿನ ಟಿಕೆಟ್‌ಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳೀತು. ಅಷ್ಟು ಕಮ್ಮಿ ಟಿಕೆಟ್ ಇಡೋದು ಹೆಚ್ಚಾಗಿ ಸಿಂಗಲ್ ಸ್ಕ್ರೀನೇ. ಅದೇ ತಿಂಗಳು ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ತಡೆ ಕೊಟ್ಟಿತು. ಮಿತಿಯಿಂದ ಹಳೇ ಟಾಕೀಸಿಗೆ ಲಾಭ ಅಂತ ನನಗನ್ನಿಸಲ್ಲ. ಮಾಲ್ ಟಿಕೆಟ್ಟೂ ಅಗ್ಗ ಆದ್ರೆ ಜನ ಎಸಿ ಇರೋ ಕಡೆಗೇ ಹೋಗ್ತಾರೆ.

ಹಾಗಾದ್ರೆ ಬೀದಿಯ ಜನ ಸೇರಿ ಒಂದು ಟಾಕೀಸು ತೆರೆಸೋದು? ಇದಕ್ಕೆ ಸಿನಿಮಾದವರಿಗಿಂತ ನಾಟಕದವರನ್ನ ಕೇಳೋದು ಮೇಲು. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ತೆರೆದದ್ದು. ಶಂಕರ್‌ನಾಗ್ ನೆನಪಿಗೆ ಅರುಂಧತಿ ನಾಗ್ ಹಟ ಹಿಡಿದು, ಎಷ್ಟೋ ಜನರಿಂದ ದುಡ್ಡು ಕೂಡಿಸಿ ಕಟ್ಟಿಸಿದ್ರು. ತಡವಾಗಿ ಬಂದ್ರೆ ಒಳಗೆ ಬಿಡಲ್ಲ, ನಾನೂ ಒಂದ್ಸಲ ಹೊರಗೆ ಕೂತು ಸಾಬೂದಾನಿ ವಡೆ ತಿಂದು ಬಂದಿದ್ದೀನಿ. ಬನಶಂಕರಿಯ ಸುಚಿತ್ರ ಫಿಲಂ ಸೊಸೈಟಿ 1971ರದು, ಸದಸ್ಯರು ಚಂದಾ ಕಟ್ಟಿ ಬೆಳೆಸಿದ್ದು. ಎರಡರಲ್ಲೂ ಜಾಗಕ್ಕೆ ಮಾಲ್ ಜತೆ ಪೈಪೋಟಿ ಇಲ್ಲ, ಸೀಟು ಕೆಲವೇ ನೂರು, ಮತ್ತೆ ಮತ್ತೆ ಬರೋ ಜನ ಇದ್ದಾರೆ.

ಹಾಗಾಗಿ ‘ಟಾಕೀಸ್ ಉಳಿಸಿ’ ಅಂತ ಸಹಿ ಕೇಳಿಕೊಂಡು ಬಂದೋರಿಗೆ ನನ್ನದೊಂದು ಮಾತು: ಸಹಿ ಬೇಡ, ವರ್ಷದ ಪಾಸಿನ ದುಡ್ಡು ಈಗಲೇ ಇಸ್ಕೊಳ್ಳಿ. ಐದು ಸಾವಿರ ಸಹಿ ಒಟ್ಟು ಮಾಡೋದಕ್ಕಿಂತ ಐನೂರು ಪಾಸ್ ಮಾರೋದು ಕಷ್ಟ. ಮಾಲೀಕರ ಮುಂದೆ ಇಟ್ಟಾಗ ಅವರು ಓದೋದೂ ಆ ಐನೂರನ್ನೇ. ಸಾವಿರ ಸೀಟಿನ ಆಸೆನೂ ಬಿಡಬೇಕಾಗಬಹುದು. ಬಾಲ್ಕನಿಗೆ ಗೋಡೆ ಕಟ್ಟಿ ಇನ್ನೂರೈವತ್ತು ಸೀಟಿನ ಒಂದು ಸಣ್ಣ ಹಾಲು, ಕೆಳಗೆ ಮದುವೆ, ಸಂಗೀತ, ಭಾನುವಾರ ದೊಡ್ಡ ಪಿಕ್ಚರ್. ಬಾಲ್ಕನಿಗೆ ಗೋಡೆ ಅಂದ್ರೆ ನನ್ನ ಹೊಟ್ಟೆಗೂ ಚುರುಕ್ ಅನ್ನುತ್ತೆ.

[ದೃಶ್ಯ: ಊರಿನ ಇನ್ನೊಂದು ಭಾಗ. ಓಡುತ್ತಿರುವ ಒಂದು ಸಿಂಗಲ್ ಸ್ಕ್ರೀನ್. ಬೆಳಕಿನ ಮಧ್ಯಾಹ್ನ.]

ಇವತ್ತು ಮಂಗಳವಾರ. ನಾವೀಗ ಬೇರೊಂದು ಥಿಯೇಟರಿನಲ್ಲಿದ್ದೀವಿ, ಇದು ಇನ್ನೂ ಓಡ್ತಾ ಇದೆ. ಇಲ್ಲಿ ಕಿಂಡಿ ಇಲ್ಲ, ಗಾಜಿನ ಕೌಂಟರ್. ಕ್ಯೂ ಇಲ್ಲ. ಎರಡು ಬಾಲ್ಕನಿ ತಗೊಂಡೆ.

[ಕ್ಯಾಮೆರಾ ಒಳಗೆ. ಮಬ್ಬು ಬೆಳಕು. ಅಲ್ಲಲ್ಲಿ ಒಂದೊಂದು ತಲೆ.]

ಎಣಿಸಿದೆ. ಮುಂದೆ ಕಾಲೇಜು ಹುಡುಗರು ಆರು. ನಡುವೆ ಒಂದು ಜೋಡಿ, ಅವರನ್ನ ತೋರಿಸಲ್ಲ. ಹಿಂದೆ ಊಟದ ಬ್ಯಾಗು ತೊಡೆ ಮೇಲಿಟ್ಟುಕೊಂಡು ಒಬ್ಬರು ಆಗಲೇ ನಿದ್ದೆ. ಒಟ್ಟು ಮೂವತ್ತೊಂದು. ಕ್ಯಾಮೆರಾ ಹಿಡಿದ ನಮ್ಮ ಹುಡುಗನನ್ನೂ ಸೇರಿಸಿ.

ಬೆಲ್ ಹೊಡೀತು. ಕ್ಯಾಮೆರಾ ಆಫ್ ಮಾಡು ಮಾರಾಯ, ಪಿಕ್ಚರ್ ಶುರುವಾಯ್ತು.

[ಕತ್ತಲೆ.]