ಕಾರ್ಡ್ ಕೈಯಲ್ಲಿದೆ, ಗೇಮ್ ಎಲ್ಲಿ?

[ಮೇಜಿನ ಮೇಲೆ ಹಳೇ ಪಿಎಸ್3 (ಸೋನಿಯ ಪ್ಲೇಸ್ಟೇಷನ್ 3) ಗೇಮಿನ ಡಬ್ಬಿ. ಮುಚ್ಚಳ ಚೂರೇ ಚೂರು ತೆರೆದು ಕೈ ಒಂದು ಚೀಟಿ ಎಳೆಯುತ್ತದೆ.]

ನಮಸ್ಕಾರ. ಈ ಚೀಟಿ ನೋಡಿ. "214, ಭಾನುವಾರ ವಾಪಸ್." ಕೆಳಗೆ, "118, ಪರೀಕ್ಷೆ ಮುಗಿದ ಮೇಲೆ." ಹುಬ್ಬಳ್ಳಿಯಲ್ಲಿ ನಾನಿದ್ದ ಹಾಸ್ಟೆಲಿನ ರೂಮ್ ನಂಬರ್‌ಗಳಿವು. ಐದು ಜನ ದುಡ್ಡು ಹಾಕಿ ಒಂದು ರೇಸಿಂಗ್ ಗೇಮ್ ತಗೊಂಡಿದ್ದೆವು. ಆಡಿದ್ದು ಇಡೀ ಹಾಸ್ಟೆಲ್.

ಹೊಸ ಕನ್ಸೋಲ್, ಅಂದರೆ ಗೇಮ್ ಆಡೋ ಯಂತ್ರ, ಬಂದಾಗಲೆಲ್ಲ ಎಲ್ಲರೂ ಗ್ರಾಫಿಕ್ಸ್ ಹೇಗಿದೆ, ಫ್ರೇಮ್ ರೇಟ್ ಎಷ್ಟು ಅಂತ ಕೇಳುತ್ತಾರೆ. ಚೆನ್ನಾಗೇ ಇರುತ್ತದೆ, ಬಿಡಿ. ನನ್ನ ತಲೆಬಿಸಿ ಬೇರೆ. ಇಂಥ ಚೀಟಿ ಬರೆಯುವ ಕಾಲ ಮುಗಿಯುತ್ತಾ ಬಂತಲ್ಲ, ಅದು.

[ಸ್ವಿಚ್ 2 ಗೇಮಿನ ಡಬ್ಬಿ. ಕ್ಯಾಮೆರಾ ನಿಧಾನಕ್ಕೆ ಕೆಳ ಅಂಚಿಗೆ.]

2025ರ ಜೂನ್ 5ಕ್ಕೆ ನಿಂಟೆಂಡೊ ಕಂಪನಿಯ ಕನ್ಸೋಲ್ ಸ್ವಿಚ್ 2 ಬಂತು. ಅದರ ಜೊತೆ ಕೆಲವು ಗೇಮ್‌ಗಳಿಗೆ ಬಂದದ್ದು 'ಗೇಮ್-ಕೀ ಕಾರ್ಡ್'. ನೋಡೋಕೆ ಗೇಮ್ ತುಂಬಿ ಬರುವ ಮಾಮೂಲಿ ಕಾರ್ಡಿನ ಹಾಗೇ ಇದೆ. ಆದರೆ ಒಳಗೆ ಗೇಮ್ ಇಲ್ಲ, ಬೀಗದ ಕೈ ಮಾತ್ರ ಇದೆ. ಕಾರ್ಡ್ ಹಾಕಿದ ಮೇಲೆ ಇಡೀ ಗೇಮನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಇಳಿಸಿಕೊಂಡ ಮೇಲೂ ಆಡುವಾಗಲೆಲ್ಲ ಕಾರ್ಡ್ ಒಳಗಿರಲೇಬೇಕು. ಮನೆಗೆ ಇಟ್ಟಿಗೆಯನ್ನೂ ನೀವೇ ಹೊರಬೇಕು, ಬೀಗವನ್ನೂ ನೀವೇ ತೆಗೆಯಬೇಕು!

ಕನ್ಸೋಲಿನಲ್ಲಿರುವ ಜಾಗ 256 ಜಿಬಿ. ನಾಲ್ಕೈದು ದೊಡ್ಡ ಗೇಮ್ ಇಳಿಸಿದರೆ ಮುಗೀತು. ಹಳೇ ಮೈಕ್ರೊಎಸ್‌ಡಿ ಕಾರ್ಡಿಗೆ ಗೇಮ್ ಹಾಕೋಕೂ ಆಗುವುದಿಲ್ಲ, 'ಎಕ್ಸ್‌ಪ್ರೆಸ್' ನಮೂನೆಯದೇ ಬೇಕು. ಅದರ ಬೆಲೆ ಜಾಸ್ತಿ.

ಹೀಗೆ ಯಾಕೆ ಮಾಡುತ್ತಾರೆ? ದೊಡ್ಡ ಕಾರ್ಡ್ ತಯಾರಿಸೋಕೆ ಖರ್ಚಾಗುತ್ತದೆ, ಅದು ಒಂದು. ಇನ್ನೊಂದು ಕಾರಣ ವೇಗ. 'ಸ್ಟಾರ್ ವಾರ್ಸ್ ಔಟ್‌ಲಾಸ್' ಮಾಡಿದವರು, ನಮ್ಮ ಗೇಮಿಗೆ ಬೇಕಾದ ವೇಗದಲ್ಲಿ ಕಾರ್ಡಿನಿಂದ ಡೇಟಾ ಬರುತ್ತಿರಲಿಲ್ಲ ಅಂದರು. ಇರಬಹುದು. ಆದರೆ 'ಸೈಬರ್‌ಪಂಕ್ 2077' ಅಷ್ಟು ದೊಡ್ಡ ಗೇಮು, ಅದನ್ನು 64 ಜಿಬಿ ಕಾರ್ಡಿನಲ್ಲೇ ಪೂರ್ತಿ ಕೊಟ್ಟಿದ್ದಾರೆ. ಮನಸ್ಸಿದ್ದವರಿಗೆ ದಾರಿ ಸಿಕ್ಕಿದೆ ಅಂತಾಯ್ತಲ್ವಾ?

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಕೀ ಕಾರ್ಡನ್ನು ಗೆಳೆಯರಿಗೆ ಕೊಡಬಹುದು, ಮಾರಲೂಬಹುದು. ಡಬ್ಬಿಯೊಳಗೆ ಬರೀ ಡೌನ್‌ಲೋಡ್ ಕೋಡ್ ಬರೆದ ಕಾಗದ ಇಡುವವರಿಗಿಂತ ಎಷ್ಟೋ ವಾಸಿ.

[2013ರ ಇ3 ಅನ್ನೋ ಗೇಮ್ ಪ್ರದರ್ಶನದ ಚಿತ್ರ.]

ಸೋನಿ ಕಥೆ ಇನ್ನೂ ಮಜಾ. 2013ರಲ್ಲಿ ಮೈಕ್ರೊಸಾಫ್ಟ್‌ನವರು ತಮ್ಮ ಕನ್ಸೋಲ್ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಡಿಸ್ಕ್ ಕೈ ಬದಲಾಯಿಸೋಕೆ ನೂರೆಂಟು ಷರತ್ತು ಹಾಕಲು ಹೊರಟಿದ್ದರು. ಆಗ ಸೋನಿಯವರು ಒಂದು ಪುಟ್ಟ ವಿಡಿಯೋ ಬಿಟ್ಟರು: ಪಿಎಸ್4 ಗೇಮ್ ಹಂಚಿಕೊಳ್ಳುವುದು ಹೇಗೆ? ಒಬ್ಬರು ಡಬ್ಬಿ ಕೊಡುತ್ತಾರೆ, ಇನ್ನೊಬ್ಬರು ತಗೊಳ್ಳುತ್ತಾರೆ. ಅಷ್ಟೇ! ಜನ ಬಿದ್ದು ಬಿದ್ದು ನಕ್ಕರು, ಕೆಲವೇ ದಿನದಲ್ಲಿ ಮೈಕ್ರೊಸಾಫ್ಟ್ ಹಿಂದೆ ಸರಿಯಿತು. ಅದೇ ಸೋನಿ 2024ರ ನವೆಂಬರಿನಲ್ಲಿ 700 ಡಾಲರಿನ ಪಿಎಸ್5 ಪ್ರೊ ತಂದಿತು. ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಬೇಕಿದ್ದರೆ ಇನ್ನೂ 80 ಡಾಲರ್ ಕೊಟ್ಟು ಡ್ರೈವ್ ತಗೊಳ್ಳಿ.

ನಮ್ಮಂಥವರಿಗೆ ಇದು ಬರೀ ಹಳೇ ಕಾಲದ ಮೋಹ ಅಲ್ಲ, ಜೇಬಿನ ಲೆಕ್ಕ. ಪಿಎಸ್5ನ ದೊಡ್ಡ ಗೇಮ್ ಒಂದಕ್ಕೆ ಐದು ಸಾವಿರ ರೂಪಾಯಿ ಹತ್ತಿರ ಕೊಡುತ್ತೇವೆ. ಡಿಸ್ಕ್ ಆದರೆ, ಆಡಿ ಮುಗಿಸಿ ಮೂರು ಸಾವಿರಕ್ಕೆ ಮಾರಿದರೂ ನನಗೆ ಬಿದ್ದದ್ದು ಎರಡೇ ಸಾವಿರ. ಡಿಜಿಟಲ್ ಗೇಮನ್ನು ಯಾರಿಗೆ ಮಾರಲಿ?

ಡಿಸ್ಕ್ ಇದ್ದರೆ ಸಾಕು ಅಂತಲೂ ಅಲ್ಲ. 'ದಿ ಕ್ರೂ' ಅನ್ನೋ ಕಾರ್ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ 31ಕ್ಕೆ ಅದನ್ನು ತಂದ ಕಂಪನಿ ಯೂಬಿಸಾಫ್ಟ್ ಅದರ ಸರ್ವರ್ ನಿಲ್ಲಿಸಿತು. ಒಬ್ಬರೇ ಕೂತು ಆಡುವವರಿಗೂ ಸರ್ವರ್ ಬೇಕಿತ್ತು, ಹಾಗಾಗಿ ಡಿಸ್ಕ್ ಇಟ್ಟುಕೊಂಡವರ ಕೈಯಲ್ಲೂ ಉಳಿದದ್ದು ಪ್ಲಾಸ್ಟಿಕ್ ತಟ್ಟೆ. ಅದೇ ಸಿಟ್ಟಿನಲ್ಲಿ ಹುಟ್ಟಿದ್ದು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ. ಯುರೋಪಿನಲ್ಲಿ ಅದರ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಕ್ಯಾಲಿಫೋರ್ನಿಯಾದಲ್ಲಂತೂ ಅದೇ ವರ್ಷದ ಜನವರಿಯಿಂದ ಕಾನೂನೇ ಇದೆ. ಕೊಡುತ್ತಿರುವುದು ಬರೀ ಲೈಸೆನ್ಸ್, ಅಂದರೆ ಬಳಸೋಕೆ ಅನುಮತಿ, ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ 'ಖರೀದಿಸಿ' ಅನ್ನೋ ಬಟನ್ ಹಾಕುವಂತಿಲ್ಲ.

ನಾನೀಗ ಏನು ಮಾಡುತ್ತೇನೆ ಅಂದರೆ, ಸ್ವಿಚ್ 2 ಡಬ್ಬಿ ಕೈಗೆತ್ತಿಕೊಂಡರೆ ಮೊದಲು ಕೆಳಗಿನ ಪಟ್ಟಿ ಓದುತ್ತೇನೆ. ಡೌನ್‌ಲೋಡ್ ಬೇಕು ಅಂತಿದ್ದರೆ ವಾಪಸ್ ಇಡುತ್ತೇನೆ, ರೇಟ್ ಇಳಿಯಲಿ ಅಂತ.

[ಮತ್ತೆ ಹಳೇ ಡಬ್ಬಿ. ಈ ಸಲ ಮುಚ್ಚಳ ಪೂರ್ತಿ ತೆರೆಯುತ್ತದೆ. ಒಳಗೆ ಡಿಸ್ಕ್ ಇಲ್ಲ.]

ಹೌದು, ಖಾಲಿ. ಚೀಟಿಯ ಕೊನೇ ಸಾಲಿನಲ್ಲಿ "109, ನಾಳೆ ಕೊಡ್ತೀನಿ" ಅಂತಿದೆ. ಲೋ 109, ಈ ವಿಡಿಯೋ ನೋಡುತ್ತಿದ್ದರೆ ಕೆಳಗೆ ಒಂದು ಕಾಮೆಂಟ್ ಹಾಕೋ.